ಮರ ನಮ್ಮದು, ನೀರು ಎಲ್ಲರದು

ನಾವು ಕಾಸರಗೋಡಿನವರು. ನಮ್ಮ ಊರಿನ ಹೆಸರಿನಲ್ಲೇ ಒಂದು ಮರವಿದೆ. ಕಾಸರಕನ ಮರಗಳು ಹೇರಳವಾಗಿ ಬೆಳೆಯುತ್ತಿದ್ದ ಜಾಗವಾದ್ದರಿಂದ ಕಾಸರಗೋಡು ಎಂಬ ಹೆಸರು ಬಂತು ಎಂದು ಹಿರಿಯರು ಹೇಳುವುದನ್ನು ಕೇಳುತ್ತಲೇ ನಾವು ಬೆಳೆದೆವು. 2023ರಲ್ಲಿ ಜಿಲ್ಲೆಗೊಂದು ಮರವನ್ನು ಆರಿಸಿದಾಗಲೂ ಆ ಗೌರವ ಕಾಸರಕನಿಗೇ ಸಂದಿತು. ಹೆಸರಿನಲ್ಲಿ ಮರವನ್ನು ಉಳಿಸಿಕೊಂಡ ನಾವು ಗುಡ್ಡೆಯಲ್ಲಿ ಎಷ್ಟು ಮರಗಳನ್ನು ಉಳಿಸಿಕೊಂಡಿದ್ದೇವೆ? ಈ ಪ್ರಶ್ನೆಯನ್ನು ಬೇರೆಯವರಿಗೆ ಕೇಳುವ ಮೊದಲು ನಾವೇ ಉತ್ತರಿಸಬೇಕು. ಆದ್ದರಿಂದ ನಮ್ಮ ಮನೆಯ ಸಂಗತಿಯನ್ನೇ ಇಲ್ಲಿ ಹೇಳುತ್ತಿದ್ದೇವೆ.

ನಮ್ಮ ಮನೆ ಗುಡ್ಡೆಯ ಬುಡದಲ್ಲಿದೆ. ಹಿತ್ತಲಲ್ಲಿ ಅಜ್ಜನ ಕಾಲದಲ್ಲಿ ಕೊರೆದ ಒಂದು ಸುರಂಗವಿದೆ. ಬೇರೆ ಕಡೆಯ ಓದುಗರಿಗೆ ಇದು ಹೊಸದಿರಬಹುದು. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ; ಸುರಂಗವನ್ನು ಗುಡ್ಡೆಯ ಹೊಟ್ಟೆಯೊಳಕ್ಕೆ ಅಡ್ಡವಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಜಾಗ. ಮುರಕಲ್ಲಿನಿಂದ ಜಿನುಗುವ ನೀರು ಸಣ್ಣ ಕಣಿಯಲ್ಲಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಎಣ್ಮಕಜೆ ಕಡೆಯ ಗುಡ್ಡೆಗಳಲ್ಲಿ ಇಂತಹ ಸುರಂಗಗಳು ಇಂದಿಗೂ ಇವೆ.

ನಮ್ಮ ಕೆರೆ ತುಂಬಿದ ಮೇಲೆ ಹೊರಬಿದ್ದ ನೀರು ತೋಡಿನಲ್ಲಿ ಇಳಿದು ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ಅವರು ಬೇರೆ ಧರ್ಮದವರು. ಅವರ ಕೋಲದ ಊಟಕ್ಕೆ ನಮಗೆ ಕರೆ, ನಮ್ಮ ಕ್ರಿಸ್ಮಸ್ ಕುಸ್ವಾರ್ ಅವರ ಮನೆಗೆ. ನೀರಿಗೆ ಮಾತ್ರ ಕರೆಯೂ ಬೇಕಿರಲಿಲ್ಲ, ಕೇಳುವುದೂ ಬೇಕಿರಲಿಲ್ಲ.

ಸುರಂಗದ ಮೇಲಿನ ಗುಡ್ಡೆಯಲ್ಲಿ ಹಲಸು, ಹೆಬ್ಬಲಸು, ನೇರಳೆ, ಪುನರ್ಪುಳಿ, ಕಾಟುಮಾವು ಎಲ್ಲ ಇದ್ದವು. ಹಟ್ಟಿಗೆ ಸೊಪ್ಪು, ತೋಟಕ್ಕೆ ತರಗೆಲೆ, ಬೇಸಿಗೆಯಲ್ಲಿ ಹಪ್ಪಳಕ್ಕೆ ಹಲಸು, ಗೋದಲಿಗೆ ಪಾಚಿ, ಎಲ್ಲವೂ ಅಲ್ಲಿಂದಲೇ. ಶಾಲೆಗೆ ರಜೆ ಸಿಕ್ಕಿದರೆ ನಾವು ನಾಲ್ಕು ಮಂದಿ ಮಕ್ಕಳೂ ಆ ಮರಗಳ ಅಡಿಯಲ್ಲೇ ಇರುತ್ತಿದ್ದೆವು.

ಅಪ್ಪ ತೀರಿಕೊಂಡ ಮೇಲೆ, 2008ರಲ್ಲಿ, ನಮ್ಮಲ್ಲಿ ಕಿರಿಯವಳ ಮದುವೆ ಬಂತು. ಬ್ಯಾಂಕಿನ ಸಾಲವೂ ಇತ್ತು. ಆಗ ರಬ್ಬರಿಗೆ ಒಳ್ಳೆಯ ಬೆಲೆ. ಅಣ್ಣತಮ್ಮಂದಿರು ಕುಳಿತು ಲೆಕ್ಕ ಹಾಕಿದೆವು. ಮರ ಮಾರಿದರೆ ಮದುವೆಯಾಗುತ್ತದೆ, ರಬ್ಬರು ಇಟ್ಟರೆ ಸಾಲ ತೀರುತ್ತದೆ. ಆ ಲೆಕ್ಕದಲ್ಲಿ ತಪ್ಪು ನಮಗೆ ಕಾಣಲಿಲ್ಲ. ಮರದ ವ್ಯಾಪಾರಿ ಬಂದ, ಕೆಲವೇ ದಿನಗಳಲ್ಲಿ ಗುಡ್ಡೆ ಬೋಳಾಯಿತು. ಹಿಂದೆಯೇ ಜೆ.ಸಿ.ಬಿ. ಬಂದು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿತು. ಸುರಂಗದ ಬಾಯಿಯ ಮೇಲಿದ್ದ ಕಾಟುಮಾವಿನ ಮರವೊಂದು ಉಳಿಯಿತು.

"ಅದೊಂದನ್ನು ಬಿಡಿ ಮಕ್ಕಳೇ, ಅದರ ಮಿಡಿಯಿಂದಲೇ ಈ ಮನೆಯ ಉಪ್ಪಿನಕಾಯಿ" ಎಂದು ಅಮ್ಮ ಹೇಳಿದ್ದರು. ನಿಜ ಹೇಳಬೇಕೆಂದರೆ, ನಾವು ಬಿಟ್ಟದ್ದು ಅಮ್ಮನ ಮಾತಿಗಲ್ಲ. ಒಳಗೆ ಪೊಟರೆಯಾಗಿದೆ, ಬೆಲೆ ಬಾರದು ಎಂದು ವ್ಯಾಪಾರಿಯೇ ಅದನ್ನು ಬೇಡವೆಂದಿದ್ದ.

ಮಳೆ ಕಡಿಮೆಯಾಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮೊದಲು ಎಲೆಗಳ ಮೇಲೆ ಬಿದ್ದು, ತರಗೆಲೆಯಲ್ಲಿ ತಡೆದು, ಬೇರು ಬಿಡಿಸಿದ ದಾರಿಯಲ್ಲಿ ಮೆಲ್ಲನೆ ಇಂಗುತ್ತಿದ್ದ ನೀರು ಈಗ ಕೆಂಪು ಮಣ್ಣನ್ನು ಹೊತ್ತುಕೊಂಡು ನೇರವಾಗಿ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಓಡತೊಡಗಿತು. ಮೇ ತಿಂಗಳವರೆಗೂ ಬರುತ್ತಿದ್ದ ಸುರಂಗದ ನೀರು 2013ರ ಹೊತ್ತಿಗೆ ಫೆಬ್ರವರಿಯಲ್ಲೇ ತೊಟ್ಟಿಕ್ಕತೊಡಗಿತು. ಊರಲ್ಲೆಲ್ಲ ಕೊರೆದ ಬೋರ್‌ವೆಲ್‌ಗಳ ಪಾಲೂ ಇದರಲ್ಲಿ ಇರಬಹುದು. ಆದರೆ ಮರು ವರ್ಷ ನಾವೂ ಒಂದು ಬೋರ್‌ವೆಲ್ ಕೊರೆಸಿದೆವು. ನಮಗೆ ನೀರು ಸಿಕ್ಕಿತು. ಕೆಳಗಿನ ಮನೆಯವರಿಗೆ ಬೋರ್‌ವೆಲ್ ಕೊರೆಸುವ ಶಕ್ತಿ ಇರಲಿಲ್ಲ.

ಒಂದು ಮಾರ್ಚ್ ತಿಂಗಳ ಸಂಜೆ. ತಪಸ್ಸು ಕಾಲ. ಕೆಳಗಿನ ಮನೆಯ ಅಕ್ಕ ಎರಡು ಕೊಡ ಹಿಡಿದುಕೊಂಡು ಅಂಗಳದ ಅಂಚಿನಲ್ಲಿ ನಿಂತಿದ್ದರು. "ಬಾಯಮ್ಮಾ, ಎರಡು ಕೊಡ ನೀರು ತಕ್ಕೊಳ್ಳಬಹುದಾ?" ಎಂದು ಕೇಳಿದರು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ವರ್ಷ ನೀವು ಕೇಳಿದ್ದುಂಟಾ? ಇವತ್ತು ಯಾಕೆ ಕೇಳುತ್ತೀರಿ?" ಎಂದು ಹೇಳಿ ತಾವೇ ಕೊಡ ತುಂಬಿಸಿ ಕೊಟ್ಟರು. ಆ ಅಕ್ಕ ಒಂದು ದೂರಿನ ಮಾತನ್ನೂ ಆಡಲಿಲ್ಲ. ದೂರಿದ್ದರೆ ನಮಗೆ ಸಮಾಧಾನ ಹೇಳಿಕೊಳ್ಳಲು ಒಂದು ದಾರಿಯಾದರೂ ಇರುತ್ತಿತ್ತು!

ರಾತ್ರಿ ಜಪಸರ ಮುಗಿದ ಮೇಲೆ ಅಮ್ಮ ಹೇಳಿದರು: "ನೀವು ಮಾರಿದ್ದು ನಮ್ಮ ಮರ ಅಂತ ತಿಳಿದಿದ್ದೀರಿ. ಅದರ ಜೊತೆ ಅವರ ಪಾಲಿನ ನೀರನ್ನೂ ಮಾರಿದ್ದೀರಿ."

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಪಾಪನಿವೇದನೆಗೆ ಹೋಗಿ ಸುಳ್ಳು, ಸಿಟ್ಟು, ಜಗಳ ಎಲ್ಲವನ್ನೂ ಹೇಳಿಕೊಂಡಿದ್ದೆವು. ಮರ ಕಡಿದದ್ದನ್ನು ಹೇಳಬೇಕೆಂದು ಒಂದು ದಿನವೂ ತೋಚಿರಲಿಲ್ಲ. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ವ್ಯವಸಾಯ ಮಾಡುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ಎಂದು ಆದಿಕಾಂಡ ಹೇಳುತ್ತದೆ. ಈ ಎರಡು ಕೆಲಸಗಳು ಜೊತೆಯಾಗಿಯೇ ಸಾಗಬೇಕೆಂದು ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೆನಪಿಸಿದರು. ನಾವು ಮೊದಲನೆಯದನ್ನು ಮಾಡಿದೆವು, ಎರಡನೆಯದನ್ನು ಮರೆತೆವು. ಯುದ್ಧಕಾಲದಲ್ಲಿ ಶತ್ರುವಿನ ಪಟ್ಟಣವನ್ನು ಮುತ್ತಿದಾಗಲೂ ಹಣ್ಣಿನ ಮರಗಳನ್ನು ಕಡಿಯಬಾರದು ಎಂಬ ಆಜ್ಞೆ ಧರ್ಮೋಪದೇಶಕಾಂಡದಲ್ಲಿದೆ. ನಮಗೆ ಯಾವ ಯುದ್ಧವೂ ಇರಲಿಲ್ಲ.

ಮರಕ್ಕೂ ನೆರೆಮನೆಗೂ ಇರುವ ಈ ನಂಟನ್ನು ನಮಗಿಂತ ಬಹಳ ಮೊದಲೇ ಅರಿತವರೊಬ್ಬರಿದ್ದರು. ಕೀನ್ಯಾ ದೇಶದ ವಂಗಾರಿ ಮಾಥಾಯ್ ಕಥೋಲಿಕ ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತ ಹೆಣ್ಣುಮಗಳು. ಕಾಡು ಹೋದ ಮೇಲೆ ಹಳ್ಳಿಯ ಹೆಂಗಸರು ನೀರಿಗೂ ಸೌದೆಗೂ ಪಡುವ ಪಾಡನ್ನು ಕಂಡು 1977ರಲ್ಲಿ ಅವರಿಂದಲೇ ಗಿಡ ನೆಡಿಸುವ ಕೆಲಸ ಪ್ರಾರಂಭಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಸಿಕ್ಕಿತು. ಗಿಡ ನೆಟ್ಟವರಿಗೆ ಶಾಂತಿ ಪುರಸ್ಕಾರ ಏಕೆ ಎಂದು ಅಂದು ನಮಗೆ ಅರ್ಥವಾಗಿರಲಿಲ್ಲ. ಅಂಗಳದ ಅಂಚಿನಲ್ಲಿ ಕೊಡ ಹಿಡಿದು ನಿಂತ ಅಕ್ಕನನ್ನು ಕಂಡ ಮೇಲೆ ಅರ್ಥವಾಯಿತು. ಮರ ಹೋದಲ್ಲಿ ನೀರು ಹೋಗುತ್ತದೆ, ನೀರು ಹೋದಲ್ಲಿ ನೆರೆಹೊರೆ ಒಡೆಯುತ್ತದೆ.

ಮುಂದೆ ರಬ್ಬರಿನ ಬೆಲೆಯೂ ಇಳಿಯಿತು. 2019ರಲ್ಲಿ ಗುಡ್ಡೆಯ ಮೇಲ್ಭಾಗದ ರಬ್ಬರನ್ನು ತೆಗೆದು ಇಂಗುಗುಂಡಿಗಳನ್ನು ತೋಡಿದೆವು. ಕೆಳಗಿನ ಮನೆಯ ಹುಡುಗರು ತಾವಾಗಿಯೇ ಹಾರೆ ಹಿಡಿದು ಬಂದರು. ಹೆಬ್ಬಲಸು, ಹಲಸು, ಪುನರ್ಪುಳಿ, ನೇರಳೆ ನೆಟ್ಟೆವು. ಮೊದಲ ಬೇಸಿಗೆಯಲ್ಲಿ ಅರ್ಧದಷ್ಟು ಸತ್ತವು. ಹುಲಿಕಲ್ ಮತ್ತು ಕುದೂರಿನ ನಡುವೆ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಎಳೆಯ ಗಿಡಗಳಿಗೆ ನೀರು ಹೊತ್ತು ಹಾಕಿದ್ದನ್ನು ನೆನೆದು ನಾವೂ ಕೊಡದಲ್ಲಿ ಹೊತ್ತೆವು. ನೆಡುವುದು ಒಂದು ದಿನದ ಕೆಲಸ, ಕಾಯುವುದು ಮೂರು ಬೇಸಿಗೆಯ ಕೆಲಸ ಎಂದು ಆಗ ಗೊತ್ತಾಯಿತು.

ಈ ವರ್ಷ ಸುರಂಗದ ನೀರು ಮಾರ್ಚ್ ಕೊನೆಯವರೆಗೆ ಬಂತು. ಮೊದಲಿನಷ್ಟು ಇಲ್ಲ. ಜನವರಿಯಲ್ಲಿ ಕೆಲವು ದಿನ ಕೆರೆ ತುಂಬಿ ತೋಡಿಗೆ ಹರಿಯಿತು. ಅದು ಕೆಳಗಿನ ತೋಟಕ್ಕೆ ಸಾಲದು, ಆದರೂ ಮುಟ್ಟಿತು.

ಹಳೆಯ ಕಾಟುಮಾವು ಈಗ ಮತ್ತಷ್ಟು ಮುದಿಯಾಗಿದೆ. ಕೊಂಬೆ ಮಾಡಿನ ಮೇಲೆ ಬಿದ್ದೀತು, ಬುಡಸಮೇತ ತೆಗೆದುಬಿಡೋಣ ಎಂದು ಕಳೆದ ವರ್ಷ ನಾವು ಮಾತಾಡಿಕೊಂಡೆವು. 84 ವರ್ಷದ ಅಮ್ಮ ಕುರ್ಚಿಯಲ್ಲಿ ಕುಳಿತೇ, "ಅಂಜೂರದ ಮರಕ್ಕೆ ತೋಟಗಾರ ಒಂದು ವರ್ಷ ಕೇಳಲಿಲ್ಲವಾ? ಇದಕ್ಕೂ ಒಂದು ವರ್ಷ ಕೊಡಿ" ಎಂದರು. ಶುಭಸಂದೇಶದ ಆ ತೋಟಗಾರ ಬರೀ ಅವಧಿ ಕೇಳಲಿಲ್ಲ, ಬುಡ ಅಗೆದು ಗೊಬ್ಬರ ಹಾಕುವುದಾಗಿಯೂ ಹೇಳಿದ್ದ. ನಾವು ಅಪಾಯದ ಕೊಂಬೆಯನ್ನಷ್ಟೇ ತೆಗೆಸಿ ಬುಡಕ್ಕೆ ಗೊಬ್ಬರ ಹಾಕಿದೆವು. ಈ ಸಲ ಎರಡು ಭರಣಿ ಮಿಡಿ ಸಿಕ್ಕಿತು. ಒಂದು ಭರಣಿ ಕೆಳಗಿನ ಮನೆಗೆ ಹೋಯಿತು.

ಪ್ರಿಯ ಓದುಗರೇ, ಮನೆ ಕಟ್ಟಲು, ಮದುವೆ ಮಾಡಲು, ಸಾಲ ತೀರಿಸಲು ಮರ ಕಡಿಯಬೇಕಾದ ದಿನ ಯಾರಿಗೂ ಬರಬಹುದು. ಅಂದು ಮರದ ಬೆಲೆಯನ್ನು ಕೇಳುವ ಮೊದಲು ಗುಡ್ಡೆಯಿಂದ ಒಮ್ಮೆ ಕೆಳಗೆ ನೋಡೋಣ. ಈ ಮರದಲ್ಲಿ ಯಾರ ಪಾಲಿನ ನೀರಿದೆ ಎಂದು ಕೇಳಿಕೊಳ್ಳೋಣ. ಮಗುವಿನ ಜ್ಞಾನಸ್ನಾನಕ್ಕೆ, ಪ್ರಥಮ ಪರಮಪ್ರಸಾದಕ್ಕೆ ಒಂದೊಂದು ಗಿಡ ನೆಡೋಣ. ನೆಟ್ಟ ಮೇಲೆ ಮೂರು ಬೇಸಿಗೆ ಅದಕ್ಕೆ ನೀರು ಹೊರೋಣ. ಕಾಯುವ ಕೆಲಸವನ್ನು ದೇವರು ನಮಗೇ ಒಪ್ಪಿಸಿದ್ದಾರೆ.