ಹಸಿರು ದೀಪ

ಮಾರ್ಚ್ 2, 2024, ಶನಿವಾರ

ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಮನೆ ಸೇರಿತು. ಹನ್ನೆರಡೂವರೆ ಕಿಲೋ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಸೊಂಟ ಹಿಡಿಯಿತು. ಜಪಾನಿನವರಿಗೆಂದು ಮಾಡಿದ್ದು, ಇದಕ್ಕೆ 100 ವೋಲ್ಟ್ ಸಾಕು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಕಥೆ ಮುಗಿದಂತೆ. ಎಸ್.ಪಿ. ರೋಡಿನಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಅಂಗಡಿಯವನು "ಮಿಕ್ಸಿಗಾ ಸಾರ್?" ಅಂದ. ಹೂಂ ಅಂದೆ.

ಪ್ಲೇಟು ತಿರುಗಿತು, ಹಾಡಿತು. ಜೊತೆಗೆ ಗುಂಯ್ ಅನ್ನುವ ಸದ್ದು.

ಮಾರ್ಚ್ 3, ಭಾನುವಾರ

ಅರ್ಧ ದಿನ ನೀರಿನ ಟ್ಯಾಂಕರ್ ಕಾಯುವುದರಲ್ಲೇ ಹೋಯಿತು. ಸಂಜೆ ವೀಣೆಯ ಎಲ್‌ಪಿ ಹಾಕಿದೆ. ಸಂಗೀತ ಕಲಿಸುವ ನನ್ನ ಹೆಂಡತಿ ಅಡುಗೆಮನೆಯಿಂದಲೇ "ಶ್ರುತಿ ಯಾಕ್ರೀ ಹೀಗೆ ಜಾರ್ತಿದೆ?" ಅಂದಳು. ನನಗೇನೂ ತಿಳಿಯಲಿಲ್ಲ. ಎಲೆಕ್ಟ್ರಾನಿಕ್ ತಂಬೂರಿ ತಂದು ಪಕ್ಕದಲ್ಲಿಟ್ಟಳು. ಹತ್ತು ನಿಮಿಷಕ್ಕೆ ಅದರ ಷಡ್ಜ ಬೇರೆ, ವೀಣೆಯ ಷಡ್ಜ ಬೇರೆ.

ತಟ್ಟೆಯ ಅಂಚು ನೋಡಿದೆ. ವೇಗ ಸರಿಯಿದ್ದರೆ ಮಿಂಚುವ ಬೆಳಕಿನಲ್ಲಿ ದೊಡ್ಡ ಚುಕ್ಕಿಗಳ ಸಾಲು ನಿಂತಂತೆ ಕಾಣಬೇಕು. ತೆವಳುತ್ತಿತ್ತು. ಪಿಚ್ ಫೇಡರನ್ನು ಸೊನ್ನೆಗೆ ತಂದರೆ ಸ್ಥಿರವಾಗಿ ಉರಿಯಬೇಕಾದ ಹಸಿರು ದೀಪ ಮಿಣಮಿಣ. ಈ ಫೇಡರು ವೇಗವನ್ನು ಶೇ. 8ರವರೆಗೆ ಏರಿಸಬಲ್ಲದು, ಇಳಿಸಬಲ್ಲದು. ಶೇ. 6 ಏರಿದರೇ ಒಂದು ಮನೆ ಶ್ರುತಿ ಒಂದೂವರೆ ಆಗಿಬಿಡುತ್ತದೆ. ಡಿಜೆಗಳಿಗೆ ಅದೇ ವರ. ಸಂಗೀತದ ಮೇಷ್ಟರ ಮನೆಯಲ್ಲಿ ಅದೇ ಕಿರಿಕಿರಿ.

ಮಾರ್ಚ್ 8, ಶುಕ್ರವಾರ, ಶಿವರಾತ್ರಿ

ಹೇಗೂ ಜಾಗರಣೆ. ಒಂಬತ್ತಕ್ಕೆ ಬಿಚ್ಚಲು ಕೂತೆ. ತಟ್ಟೆಯ ಎರಡು ತೂತಿಗೆ ಬೆರಳಿಟ್ಟು ಎತ್ತಿದರೆ ಅಡಿಯಲ್ಲಿ ಅಯಸ್ಕಾಂತದ ಬಳೆ, ಪೆಟ್ಟಿಗೆಯಲ್ಲಿ ಸುರುಳಿಗಳು. ಬೆಲ್ಟಿಲ್ಲ, ಗೇರಿಲ್ಲ, ತಟ್ಟೆಯೇ ಮೋಟರಿನ ಅರ್ಧ. ಬೆಲ್ಟು, ಗೇರು ಬಿಟ್ಟು ನೇರ ತಿರುಗಿಸುವುದು 1970ರ ಟೆಕ್ನಿಕ್ಸ್ ಎಸ್‌ಪಿ-10ರಿಂದ ಬಂದ ಉಪಾಯ. 1979ರ ಈ ಮಾದರಿಯಲ್ಲಿ ಫೇಡರು ಸೊನ್ನೆಗೆ ಬಂದರೆ ವೇಗವನ್ನು ಕ್ವಾರ್ಟ್ಜ್ ಹಿಡಿದಿಡಬೇಕು.

ಹಿಡಿಯುವುದು ಹೇಗೆ? ಯಾರೋ ಪುಣ್ಯಾತ್ಮ ಫೇಡರಿನೊಳಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದಾನೆ. ಹಳೇ ಗ್ರೀಸು, ಧೂಳು ಸೇರಿ ಕಾಡಿಗೆಯಂಥ ಅಂಟು. ಐಸೊಪ್ರೊಪೈಲ್ ಆಲ್ಕೊಹಾಲು, ಕಿವಿಗೆ ಹಾಕುವ ಹತ್ತಿಕಡ್ಡಿ, ಒಂದೂವರೆ ಗಂಟೆ. ಹೊಸ ಗ್ರೀಸನ್ನು ಜಾರುವ ಕಂಬಿಗೆ ಮಾತ್ರ ಸವರಿದೆ.

ಗುಂಯ್ ಸದ್ದಿನ ಮೂಲವೂ ಸಿಕ್ಕಿತು: ತಂತಿ ಹೊರಬರುವ ಕಡೆ ಅರ್ತ್ ತುಂಡಾಗಿತ್ತು. ನಾನೋ, ಒಳಗಿನ ಟ್ರಾನ್ಸ್‌ಫಾರ್ಮರನ್ನೇ ಪೆಟ್ಟಿಗೆಯಿಂದ ಹೊರಗೆ ಹಾಕಬೇಕು, ತೋಳಿನೊಳಗೆ ಬೆಳ್ಳಿ ತಂತಿ ಎಳೆಯಬೇಕು ಎಂದು ವಾರವಿಡೀ ಪಟ್ಟಿ ಬರೆದಿದ್ದೆ. ಕೈ ನಡುಗುವ ವಯಸ್ಸಿನಲ್ಲಿ ಕೂದಲೆಳೆ ತಂತಿಯ ಸಹವಾಸ ಬೇಡ. ಹಳೇ ಕೇಬಲ್ ಕತ್ತರಿಸಿ ಆರ್‌ಸಿಎ ಸಾಕೆಟ್ ಬೆಸೆದೆ. ಮೇಲ್ದರ್ಜೆಗೆ ಏರಿಸಿದ್ದು ಇಷ್ಟೇ. ಬೆಳಗಿನ ನಾಲ್ಕಕ್ಕೆ ಒಂದು ಸ್ಕ್ರೂ ಮಿಕ್ಕಿತು. ಎಲ್ಲಿಯದೋ.

ಮಾರ್ಚ್ 9, ಶನಿವಾರ

ಚುಕ್ಕಿಗಳು ಕಲ್ಲಿನಂತೆ ನಿಂತವು. ಹಸಿರು ದೀಪ ಅಲುಗಲಿಲ್ಲ. ಇವಳು ತಂಬೂರಿ ಹಾಕಿಕೊಂಡು ಒಂದು ಬದಿ ಪೂರ್ತಿ ಕೇಳಿದಳು. "ಸರಿಯಾಗಿದೆ." ಆಮೇಲೆ ಗೋಡೆಯ ಪಕ್ಕದ ವೀಣೆ ತಂದು ಕೂತಳು. "ಇದನ್ನ ಚೂರು ಇಳಿಸೋಕಾಗುತ್ತೇನ್ರೀ, ನನ್ನ ಶ್ರುತಿಗೆ?"

ಫೇಡರನ್ನು ಆಚೆಗೆ ತಳ್ಳಿದೆ. ದೀಪ ಆರಿತು. ಇವಳು ಮೀಟಿದಳು.