ಮೊದಲು ಏಳುವವರು ಯಾರು

ಯುನಿಕೋಡಿನಲ್ಲಿ ಒಂದು ಕನ್ನಡ ಅಕ್ಷರ ಉಳಿಸಲು ಸಾಮಾನ್ಯವಾಗಿ ಮೂರು ಬೈಟ್ ಬೇಕು. ಗುಣಿತದ ಚಿಹ್ನೆಗೆ ಬೇರೆ ಮೂರು, ಒತ್ತು ಹುಟ್ಟಿಸುವ ಹಲಂತಕ್ಕೆ ಮತ್ತೆ ಮೂರು. ಹೀಗಾಗಿ ‘ಲಕ್ಷ್ಮೀ’ ಎಂದು ಬರೆದರೆ 21 ಬೈಟ್ ಖರ್ಚು. 446 ಬೈಟ್ ಕೊಟ್ಟರೆ ಇಪ್ಪತ್ತೊಂದು ಸಲ ಲಕ್ಷ್ಮಿಯನ್ನು ನೆನೆಯಬಹುದು, ಅಷ್ಟೆ. ಹಳೆಯ ಪಿಸಿಯನ್ನು ನಿದ್ದೆಯಿಂದ ಎಬ್ಬಿಸುವ ಪ್ರೋಗ್ರಾಮಿಗೆ ಹಾರ್ಡ್‌ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಸಿಗುತ್ತಿದ್ದ ಜಾಗವೂ ಇಷ್ಟೇ. ಸೆಕ್ಟರು 512 ಬೈಟಿನದು. ಅದರಲ್ಲಿ 64 ಬೈಟು ಡಿಸ್ಕಿನ ಪಾಲುಪಟ್ಟಿಗೆ ಹೋಗುತ್ತದೆ. ಅಲ್ಲಿ ನಾಲ್ಕೇ ಸಾಲು, ಐದನೆಯ ಪಾಲುದಾರನಿಗೆ ಜಾಗವಿಲ್ಲ. ಕೊನೆಯ ಎರಡು ಬೈಟು ಇದು ಅಸಲಿ ಬೂಟ್ ಸೆಕ್ಟರೇ ಎನ್ನುವ ಗುರುತಿಗೆ. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಜೊತೆ ಬಂದ ಈ ಏರ್ಪಾಡು ಮೂರು ದಶಕ ಬಾಳಿತು.

ಈ ಬರಹಗಾರನಿಗೆ ಆ 446 ಬೈಟುಗಳ ಸಹವಾಸ ಅಂಟಿದ್ದು ಹೊಟ್ಟೆಪಾಡಿನಿಂದ. ಪುಸ್ತಕಗಳ ಪುಟ ಕಟ್ಟುವುದು ಆತನ ಕಸುಬು. ಪ್ರಕಾಶಕರು ಕೊಡುವ ಫೈಲುಗಳು ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪಾಗಿರುತ್ತಿದ್ದವು, ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ. ಮೂರೂ ವಿಂಡೋಸಿನ ಪ್ರಜೆಗಳು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹೊರತಂದ ಕಂಪನಿ ಕೈಬಿಟ್ಟರೂ ನಮ್ಮ ಮುದ್ರಣಾಲಯಗಳು ಬಿಡಲಿಲ್ಲ. ಆತನ ಮನಸ್ಸೋ ಲಿನಕ್ಸಿನ ಕಡೆ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಿಂದ ಹತ್ತಿದ ಚಟ ಅದು. ಆಮೇಲೆ ಉಬುಂಟುವಿನವರು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸತೊಡಗಿದಾಗ ಚಟ ಬಲಿಯಿತು (2011ರಲ್ಲಿ ಆ ದಾನಧರ್ಮ ನಿಂತಿತು). ಎರಡು ಕಂಪ್ಯೂಟರು ಕೊಳ್ಳುವ ತಾಕತ್ತು ಇರಲಿಲ್ಲ. ಒಂದೇ ಸೂರಿನಡಿ ಎರಡು ಒಲೆ ಹೂಡಬೇಕಾಯಿತು.

ಗುಂಡಿ ಒತ್ತಿದೊಡನೆ ಏಳುವುದು ಬಯಾಸ್. ಅದು ಮೆಮೊರಿ, ಕೀಬೋರ್ಡುಗಳ ಕ್ಷೇಮಸಮಾಚಾರ ವಿಚಾರಿಸಿ, ಡಿಸ್ಕಿನ ಮೊದಲ ಸೆಕ್ಟರನ್ನು ಎತ್ತಿ ಮೆಮೊರಿಯ ಗೊತ್ತಾದ ಜಾಗದಲ್ಲಿಟ್ಟು ಕೈತೊಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಸೆಕ್ಟರು ಹೇಳಿದ್ದೇ ವೇದವಾಕ್ಯ. ‘ಮೊದಲು ವಿಂಡೋಸ್ ಹಾಕು, ಆಮೇಲೆ ಲಿನಕ್ಸ್’ ಎಂದು ಬಲ್ಲವರೆಲ್ಲ ಹೇಳುತ್ತಿದ್ದದ್ದು ಇದಕ್ಕೇ. ವಿಂಡೋಸಿನ ಇನ್‌ಸ್ಟಾಲರು ಯಾರನ್ನೂ ಕೇಳದೆ ಮೊದಲ ಸೆಕ್ಟರನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತಿತ್ತು. ತಡವಾಗಿ ಬಂದ ಲಿನಕ್ಸ್ ಮನೆಯಲ್ಲಿ ಇನ್ಯಾರಿದ್ದಾರೆಂದು ನೋಡಿ ಅವರಿಗೂ ಮೆನುವಿನಲ್ಲಿ ಒಂದು ಸಾಲು ಕೊಡುತ್ತಿತ್ತು.

ಆಗಿನ ಲಿನಕ್ಸಿನ ದ್ವಾರಪಾಲಕ, ಅಂದರೆ ಬೂಟ್ ಲೋಡರ್, ಲಿಲೋ. ವರ್ನರ್ ಆಲ್ಮ್ಸ್‌ಬರ್ಗರ್ 1992ರಲ್ಲಿ ಬರೆದದ್ದು. ಅದು ಏಳುವಾಗ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು, ಎಲ್, ಐ, ಎಲ್, ಓ ಎಂದು, ಒಂದೊಂದು ಹಂತ ದಾಟಿದಂತೆ ಒಂದೊಂದಾಗಿ ಮೂಡಿಸುತ್ತಿತ್ತು. ಓ ಬಂದರೆ ನಿಟ್ಟುಸಿರು. ‘ಎಲ್‌ಐ’ಗೇ ನಿಂತರೆ, ಎರಡನೆಯ ಹಂತವನ್ನು ಎತ್ತಿ ತಂದಿದೆ, ನಡೆಸಲಾಗುತ್ತಿಲ್ಲ ಎಂದರ್ಥ. ದೋಷದ ವರದಿಯನ್ನು ಇಷ್ಟು ಜಿಪುಣತನದಲ್ಲಿ ಒಪ್ಪಿಸುವ ಇನ್ನೊಂದು ತಂತ್ರಾಂಶ ಸಿಗುವುದು ಕಷ್ಟ. ಲಿಲೋಗೆ ಫೈಲ್‌ಸಿಸ್ಟಮ್ ಓದಲು ಬರುತ್ತಿರಲಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ ಡಿಸ್ಕಿನ ಯಾವ ಯಾವ ಬ್ಲಾಕಿನಲ್ಲಿದೆ ಎಂದು ಮೊದಲೇ ಗುರುತು ಹಾಕಿಕೊಂಡಿರುತ್ತಿತ್ತು. ಹೊಸ ಕರ್ನೆಲ್ ಹಾಕಿ ಲಿಲೋ ಆದೇಶ ಕೊಡುವುದನ್ನು ಮರೆತರೆ, ಮುಂದಿನ ಸಲ ಅದು ಹಳೆಯ ಬ್ಲಾಕುಗಳನ್ನೇ ಹುಡುಕಿಕೊಂಡು ಹೋಗುತ್ತಿತ್ತು.

ಅದನ್ನು ಮೂಲೆಗೆ ಸರಿಸಿದ ಗ್ರಬ್ ಹುಟ್ಟಿದ ಕಥೆ ಇನ್ನೂ ಸೊಗಸು. ಗ್ನು ಯೋಜನೆಯ ಹರ್ಡ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಯುಟಾ ವಿಶ್ವವಿದ್ಯಾಲಯದ ಮ್ಯಾಕ್ 4 ಮೈಕ್ರೋಕರ್ನೆಲ್ ಮೇಲೆ ಏಳಿಸಲು 1995ರಲ್ಲಿ ಎರಿಕ್ ಬೋಲಿನ್ ಹೆಣಗುತ್ತಿದ್ದ. ಫ್ರೀಬಿಎಸ್‌ಡಿಯ ಬೂಟ್ ಲೋಡರನ್ನು ತಿದ್ದಲು ಹೊರಟವನು, ಇದಕ್ಕಿಂತ ಹೊಸದನ್ನು ಬರೆಯುವುದೇ ಸಲೀಸು ಎಂದು ಬರೆದ. 1999ರಲ್ಲಿ ಗಾರ್ಡನ್ ಮ್ಯಾಟ್ಜಿಗ್‌ಕೈಟ್ ಮತ್ತು ಯೋಶಿನೋರಿ ಒಕುಜಿ ಅದನ್ನು ಗ್ನುವಿನ ಅಧಿಕೃತ ಪ್ಯಾಕೇಜಾಗಿಸಿದರು. ಹರ್ಡ್ ಇವತ್ತಿಗೂ ಕೆಲವೇ ಉತ್ಸಾಹಿಗಳ ಆಸ್ತಿ. ಅದನ್ನು ಎಬ್ಬಿಸಲೆಂದು ಹುಟ್ಟಿದ ಗ್ರಬ್ ಮಾತ್ರ ಲೋಕದ ಲಿನಕ್ಸ್ ಪಿಸಿಗಳಲ್ಲಿ ಬಹುಪಾಲನ್ನು ಎಬ್ಬಿಸುತ್ತ ಕೂತಿದೆ.

ಗ್ರಬ್ಬಿನ ಗುಣ ಗೊತ್ತಾಗುವುದು ಅದು ಕೈಕೊಟ್ಟ ದಿನ. ಈ ಬರಹಗಾರ ರಿಪೇರಿಗೆ ಕೊಟ್ಟಿದ್ದ ಕಂಪ್ಯೂಟರಿನಲ್ಲಿ ಅಂಗಡಿಯ ಹುಡುಗ ಖಾಲಿ ಬಿದ್ದಿದೆಯೆಂದು ಒಂದು ಪಾರ್ಟಿಷನ್ನು ಅಳಿಸಿಬಿಟ್ಟಿದ್ದ. ಅದು ಲಾಜಿಕಲ್ ಪಾರ್ಟಿಷನ್, ಅಂದರೆ ಪಾಲುಪಟ್ಟಿಯ ನಾಲ್ಕರಲ್ಲಿ ಒಂದರೊಳಗೆ ಕತ್ತರಿಸಿಕೊಂಡ ಒಳಪಾಲು. ಒಂದು ಹೋದರೆ ಹಿಂದಿನವೆಲ್ಲ ಒಂದೊಂದು ಸಂಖ್ಯೆ ಮುಂದೆ ಜರುಗುತ್ತವೆ. ಏಳನೆಯದಾಗಿದ್ದ ಲಿನಕ್ಸ್ ಆರನೆಯದಾಗಿತ್ತು. ಗ್ರಬ್ ಏಳನ್ನೇ ಹುಡುಕಿತು, ‘ಅಂಥ ಪಾರ್ಟಿಷನ್ ಇಲ್ಲ’ ಎಂದಿತು, ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು ಬರೆದು ಕಾದು ಕೂತಿತು. ಮರುದಿನ ಮುದ್ರಣಕ್ಕೆ ಹೋಗಬೇಕಿದ್ದ ಪುಸ್ತಕ ಒಳಗೇ ಇತ್ತು. ಬರಹಗಾರ ‘ಎಲ್‌ಎಸ್’ ಎಂದು ಕೊಟ್ಟ. ಇರುವ ಪಾಲುಗಳ ಪಟ್ಟಿ ಬಂತು. ಒಂದೊಂದರ ಒಳಗೂ ಇಣುಕಿ, ಬೂಟ್ ಫೋಲ್ಡರ್ ಇರುವುದು ಆರರಲ್ಲಿ ಎಂದು ಖಾತ್ರಿ ಮಾಡಿಕೊಂಡು, ‘ಸೆಟ್ ಪ್ರಿಫಿಕ್ಸ್’ ಎಂದು ಆ ದಾರಿ ತೋರಿಸಿದ. ‘ಇನ್ಸ್‌ಮಾಡ್ ನಾರ್ಮಲ್’, ಮತ್ತೆ ‘ನಾರ್ಮಲ್’. ಮೆನು ಬಂತು! ಅರ್ಧ ಸತ್ತ ಸ್ಥಿತಿಯಲ್ಲೂ ಮಾತಿಗೆ ಸಿಗುವ ಈ ಗುಣಕ್ಕಾಗಿ ಗ್ರಬ್ಬಿನ ಬೇರೆ ಅಪರಾಧಗಳನ್ನೆಲ್ಲ ಮನ್ನಿಸಬಹುದು.

ಅಪರಾಧಗಳೂ ಸಣ್ಣವಲ್ಲ. ಪಾಸ್‌ವರ್ಡ್ ಹಾಕಿ ಕಾಪಾಡಿದ ಗ್ರಬ್ಬಿನಲ್ಲಿ ಬಳಕೆದಾರನ ಹೆಸರು ಕೇಳಿದಾಗ ಬ್ಯಾಕ್‌ಸ್ಪೇಸ್ ಕೀಲಿಯನ್ನು 28 ಸಲ ಒತ್ತಿದರೆ ಬಾಗಿಲು ತೆರೆದುಕೊಳ್ಳುತ್ತದೆಂದು 2015ರ ಡಿಸೆಂಬರಿನಲ್ಲಿ ಸ್ಪೇನಿನ ವೆಲೆನ್ಸಿಯಾದ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. 27ಕ್ಕೇ ಬೇಸರವಾಗಿ ಎದ್ದುಹೋದ ಕಳ್ಳರು ಎಷ್ಟು ಮಂದಿಯೋ.

ಎರಡು ಒಲೆಯ ಮನೆಯಲ್ಲಿ ಗಡಿಯಾರ ಮಾತ್ರ ಒಂದೇ. ಮದರ್‌ಬೋರ್ಡಿನ ಗಡಿಯಾರ ತೋರಿಸುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಜಾಗತಿಕ ಸಮಯ ಎಂದು ಲಿನಕ್ಸ್. ಲಂಡನ್ನಿನವರಿಗೆ ಚಳಿಗಾಲದಲ್ಲಿ ಈ ಜಗಳ ಕಾಣುವುದೇ ಇಲ್ಲ. ನಮಗೆ ಐದೂವರೆ ತಾಸಿನ ಅಂತರ: ಲಿನಕ್ಸಿನಿಂದ ಹೊರಬಂದು ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ಅದು ನಸುಕಿನ ನಾಲ್ಕೂವರೆ ಎನ್ನುತ್ತದೆ. ಪ್ರಕಾಶಕರಿಗೆ ಕಳಿಸಿದ ಫೈಲುಗಳ ಮೇಲಿನ ಸಮಯ ನೋಡಿ, ಈತ ಬ್ರಾಹ್ಮೀ ಮುಹೂರ್ತದಲ್ಲೇ ಎದ್ದು ದುಡಿಯುತ್ತಾನೆಂಬ ಕೀರ್ತಿ ಹಬ್ಬಿತ್ತು. ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟರೆ ಸರಿಹೋಗುತ್ತದೆ. ಕೀರ್ತಿ ಇರಲಿ ಎಂದು ಆತ ಕೊಂಚ ಕಾಲ ಹಾಗೇ ಬಿಟ್ಟಿದ್ದ.

ಇದೆಲ್ಲ ಮನೆಯೊಳಗಿನ ತಕರಾರು. ಬೀದಿಗೆ ಬಂದ ಜಗಳ ಬಿಓಎಸ್‌ನದು. ಆಪಲ್ ಬಿಟ್ಟು ಬಂದ ಝಾನ್ ಲೂಯಿ ಗಸ್ಸೇ ಕಟ್ಟಿದ ಬಿ ಕಂಪನಿಯ ಈ ಸಿಸ್ಟಮ್ಮನ್ನು 1990ರ ದಶಕದ ಕೊನೆಗೆ ಹಿಟಾಚಿ ತನ್ನ ಫ್ಲೋರಾ ಪ್ರಿಯಸ್ ಕಂಪ್ಯೂಟರುಗಳಲ್ಲಿ ವಿಂಡೋಸಿನ ಜೊತೆಗೇ ತುಂಬಿಕೊಟ್ಟಿತು. ಆದರೆ ಗುಂಡಿ ಒತ್ತಿದಾಗ ಆಯ್ಕೆಯ ಮೆನು ಬರುತ್ತಿರಲಿಲ್ಲ, ಸೀದಾ ವಿಂಡೋಸ್ ಬರುತ್ತಿತ್ತು. ಕೊಂಡ ಡಿಸ್ಕಿನಲ್ಲೇ ಬಿದ್ದಿದ್ದ ಎರಡನೆಯ ಸಿಸ್ಟಮ್ಮನ್ನು ಎಬ್ಬಿಸುವ ವಿಧಾನವನ್ನು ಬಿ ಕಂಪನಿಯೇ ಬೇರೆಯಾಗಿ ಪ್ರಕಟಿಸಬೇಕಾಯಿತು. ಕಂಪ್ಯೂಟರ್ ತಯಾರಕರ ಮೇಲೆ ಮೈಕ್ರೋಸಾಫ್ಟ್ ಹೇರಿದ ಲೈಸೆನ್ಸ್ ಷರತ್ತುಗಳೇ ಇದಕ್ಕೆ ಕಾರಣವೆಂಬುದು ಬಿ ಕಂಪನಿಯ ದೂರು. 2002ರಲ್ಲಿ ಮೊಕದ್ದಮೆ ಹೂಡಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳದೆಯೇ 2.325 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಅಷ್ಟು ಹೊತ್ತಿಗೆ ಬಿ ಮುಚ್ಚಿಹೋಗಿತ್ತು. ಮೆನು ತೋರಿಸುವ ಹತ್ತು ಸೆಕೆಂಡಿಗೆ ಎಷ್ಟು ಬೆಲೆ ಎಂಬುದನ್ನು ಇದಕ್ಕಿಂತ ನಿಖರವಾಗಿ ಯಾರೂ ಲೆಕ್ಕ ಹಾಕಿದಂತಿಲ್ಲ. ಬಳಸುವವರಲ್ಲಿ ಬಹುಪಾಲು ಮಂದಿ ಬಾಣದ ಕೀಲಿ ಮುಟ್ಟುವುದೇ ಇಲ್ಲ, ಮೊದಲ ಸಾಲಿನಲ್ಲಿದ್ದವನೇ ಗೆಲ್ಲುತ್ತಾನೆ. ಈ ಬರಹಗಾರನ ಮನೆಯಲ್ಲೂ ಹಾಗೇ.

446 ಬೈಟಿನ ಸಂಸಾರ ಈಗ ಮುಗಿದಿದೆ. ಬಯಾಸಿನ ಜಾಗಕ್ಕೆ ಯುಇಎಫ್‌ಐ ಬಂದ ಮೇಲೆ ಬೂಟ್ ಲೋಡರುಗಳಿಗೆಂದೇ ಒಂದು ಪಾರ್ಟಿಷನ್ನು, ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರು. ಒಬ್ಬರದನ್ನು ಇನ್ನೊಬ್ಬರು ತುಳಿಯಬೇಕಿಲ್ಲ. ಜಾಗದ ಜಗಳ ತೀರಿತು, ಸಹಿಯ ಜಗಳ ಶುರುವಾಯಿತು. 2012ರಲ್ಲಿ ವಿಂಡೋಸ್ 8 ಜೊತೆ ಹರಡಿದ ಸೆಕ್ಯೂರ್ ಬೂಟ್, ಸಹಿ ಇಲ್ಲದ ಪ್ರೋಗ್ರಾಮನ್ನು ಒಳಗೆ ಬಿಡುವುದಿಲ್ಲ. ಬಹುತೇಕ ಪಿಸಿಗಳಲ್ಲಿ ಇರುವ ಕೀಲಿ ಮೈಕ್ರೋಸಾಫ್ಟಿನದು. ಹಾಗಾಗಿ ಲಿನಕ್ಸಿಗರು ಶಿಮ್ ಎಂಬ ಪುಟ್ಟ ಪ್ರೋಗ್ರಾಮಿಗೆ ಅದೇ ಕಂಪನಿಯಿಂದ ಸಹಿ ಹಾಕಿಸಿಕೊಂಡು, ಅದರ ಬೆನ್ನ ಹಿಂದೆ ಗ್ರಬ್ಬನ್ನು ನುಗ್ಗಿಸುತ್ತಾರೆ. 2024ರ ಆಗಸ್ಟಿನಲ್ಲಿ, ದೋಷವಿರುವ ಹಳೆಯ ಲೋಡರುಗಳನ್ನು ತಡೆಯಲು ಬಂದ ವಿಂಡೋಸ್ ಅಪ್‌ಡೇಟ್ ಎರಡು ಸಿಸ್ಟಮ್ ಇರುವ ಯಂತ್ರಗಳಿಗೂ ತಗುಲಿ, ಎಷ್ಟೋ ಮಂದಿಯ ಲಿನಕ್ಸ್ ಏಳದೇ ಹೋಯಿತು. ಅಂಥ ಯಂತ್ರಗಳನ್ನು ಮುಟ್ಟಬಾರದೆಂಬುದೇ ಉದ್ದೇಶವಾಗಿತ್ತು, ಕೆಲವನ್ನು ಗುರುತಿಸಲಾಗಲಿಲ್ಲ ಎಂದು ಮೈಕ್ರೋಸಾಫ್ಟ್ ಸಮಜಾಯಿಷಿ ಕೊಟ್ಟಿತು.

ಎಲ್ಲರಿಗೂ ಸಾಲು ಕೊಡುತ್ತಿದ್ದ ಗ್ರಬ್ಬೂ ಈಗ ಬಿಗಿಯಾಗಿದೆ. 2021ರ 2.06 ಆವೃತ್ತಿಯಿಂದ, ಸುರಕ್ಷತೆಯ ಕಾರಣಕ್ಕೆ, ಪಕ್ಕದ ಸಿಸ್ಟಮ್ಮುಗಳನ್ನು ತಾನಾಗಿ ಹುಡುಕುವುದನ್ನು ನಿಲ್ಲಿಸಿದೆ. ಹುಡುಕು ಎಂದು ಸೆಟ್ಟಿಂಗ್ಸ್ ಕಡತದಲ್ಲಿ ಬರೆದುಕೊಡಬೇಕು. ಈತನ ಹೊಸ ಪುಸ್ತಕಗಳೆಲ್ಲ ಈಗ ಯುನಿಕೋಡಿನವು, ಲಿನಕ್ಸಿನಲ್ಲೇ ಮುಗಿಯುತ್ತವೆ. ಆ ಸಾಲು ಬರೆಯದೆಯೂ ದಿನ ಸಾಗುತ್ತಿತ್ತು. ಮೊನ್ನೆ ಒಬ್ಬ ಪ್ರಕಾಶಕರು ಹಳೆಯ ಕಾದಂಬರಿಯೊಂದನ್ನು ಮರುಮುದ್ರಣಕ್ಕೆ ತಂದುಕೊಟ್ಟರು. ಫೈಲು ಪೇಜ್‌ಮೇಕರಿನದು, ಫಾಂಟು ನುಡಿಯದು. ಆತ ಸಾಲು ಸೇರಿಸಿ, ಮೆನು ಹೊಸದಾಗಿ ಬರೆಸಿ ರೀಸ್ಟಾರ್ಟ್ ಮಾಡಿದ. ವಿಂಡೋಸ್ ಪಟ್ಟಿಯ ಕೆಳಗಡೆ ಬಂದು ಕೂತಿತ್ತು. ತೆರೆದರೆ ಮೊದಲು ಅಪ್‌ಡೇಟ್ ಆಗಬೇಕೆಂದಿತು.