ಬೆವರಬಾರದು, ನಗಬಾರದು

ಹಾಲಾಡಿಯ ಮಕ್ಕಳಿಗೆ ರಕ್ತ ಕುಡಿಯುವವರ ಪರಿಚಯ ಹೊಸತಲ್ಲ. ಮಳೆಗಾಲದಲ್ಲಿ ಕಾಡಂಚಿನ ದಾರಿ ಹಿಡಿದರೆ ಇಂಬಳ ಯಾವಾಗ ಹತ್ತಿತೆಂದೇ ತಿಳಿಯುವುದಿಲ್ಲ. 'ದೇವಿ ಮಹಾತ್ಮೆ' ಆಟಕ್ಕೆ ಹೋದರೆ, ರಕ್ತಬೀಜನ ರಕ್ತ ನೆಲಕ್ಕೆ ಬೀಳದಂತೆ ಹೀರುವ ಕಾಳಿಯನ್ನು ತಾಯಂದಿರೇ ಮಡಿಲಲ್ಲಿ ಕೂರಿಸಿಕೊಂಡು ತೋರಿಸುತ್ತಾರೆ. ಆದರೆ ಮಗನ ಕೈಯಲ್ಲಿ ರಕ್ತಪಿಶಾಚಿಗಳ ಇಂಗ್ಲಿಷ್ ಕಾದಂಬರಿ ಕಂಡರೆ ಅವರಿಗೇ ಕಸಿವಿಸಿ.

ಆಂಡ್ರ್ಯೂ ಫುಕುಡ ಬರೆದ, 2012ರಲ್ಲಿ ಪ್ರಕಟವಾದ 'ದಿ ಹಂಟ್' ಅಂಥದೊಂದು. ಅಲ್ಲಿ ಊರಿಗೆ ಊರೇ ರಕ್ತಪಿಶಾಚಿಗಳದು. ಮನುಷ್ಯರೆಂದರೆ ಹೆಚ್ಚುಕಡಿಮೆ ತೀರಿಹೋದ ಬೇಟೆ. ಹದಿನೇಳರ ಹುಡುಗ ಜೀನ್ ಅವರದೇ ಶಾಲೆಯಲ್ಲಿ ಅವರಂತೆಯೇ ನಟಿಸಿ ಬದುಕುತ್ತಾನೆ. ತಂದೆ ಕಲಿಸಿದ ಪಾಠ ಇಷ್ಟು: ಕೃತಕ ಕೋರೆಹಲ್ಲು ತೊಡು, ಮೈಕೂದಲು ಬೋಳಿಸು, ಬೆವರಬೇಡ, ನಗಬೇಡ.

ಬೆವರಬೇಡವಂತೆ! ಏಪ್ರಿಲ್ ತಿಂಗಳ ಹಾಲಾಡಿಯಲ್ಲಾಗಿದ್ದರೆ ಹುಡುಗ ಮೊದಲ ಪೀರಿಯಡ್‌ನಲ್ಲೇ ಸಿಕ್ಕಿಬೀಳುತ್ತಿದ್ದ. ಒಂದು ಗ್ರಾಂ ಬೆವರು ಆರುವಾಗ ಮೈಯಿಂದ ಸುಮಾರು 580 ಕ್ಯಾಲರಿ ಶಾಖವನ್ನು ಒಯ್ಯುತ್ತದೆ. (ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆದಿರುವುದು ಕಿಲೋಕ್ಯಾಲರಿ, ಇದು ಅದರ ಸಾವಿರದಲ್ಲೊಂದು ಪಾಲಿನ ಲೆಕ್ಕ.) ನಾಯಿ ನಾಲಿಗೆ ಚಾಚಿ ಏದುತ್ತದೆ, ಎಮ್ಮೆ ಕೆಸರಿಗಿಳಿಯುತ್ತದೆ. ಮೈತುಂಬ ಬೆವರಿ ತಣಿಯುವುದರಲ್ಲಿ ಮನುಷ್ಯನಿಗೆ ಜೋಡಿ ಎಂದರೆ ಕುದುರೆಯಂಥ ಕೆಲವೇ ಪ್ರಾಣಿಗಳು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರದೆ ಸುಮ್ಮನೆ ಸುರಿಯುತ್ತದೆ ಎಂಬುದು ಬೇರೆ ಮಾತು. ಮನುಷ್ಯನನ್ನು ಪತ್ತೆಹಚ್ಚಲು ಕಾದಂಬರಿಕಾರರು ಆರಿಸಿಕೊಂಡ ಗುರುತು ವಿಜ್ಞಾನಕ್ಕೆ ಒಪ್ಪುವಂಥದೇ.

ನಗುವಿನ ವಿಷಯ ಇದಕ್ಕಿಂತ ಕಠಿಣ. ತಮಾಷೆ ಎನಿಸಿದರೆ ಅಲ್ಲಿಯವರು ಮಣಿಕಟ್ಟು ಕೆರೆದುಕೊಳ್ಳುತ್ತಾರೆ. ಜೀನ್ ಕೂಡ ನಗುವನ್ನು ನುಂಗಿ ಮಣಿಕಟ್ಟು ಕೆರೆದುಕೊಳ್ಳುತ್ತಾನೆ. ಹೆತ್ತವರು ಹೆದರುವುದಾದರೆ ರಕ್ತ ಚೆಲ್ಲುವ ಪುಟಗಳಿಗಿಂತ ಈ ಪುಟಕ್ಕೆ ಹೆದರಬೇಕು. ಪೇಟೆಯ ಕಾಲೇಜಿಗೆ ಸೇರಿದ ಹಳ್ಳಿಯ ಹುಡುಗಿ, ಯಾರಾದರೂ ಅಣಕಿಸಿಯಾರೆಂದು 'ಹ್ವಾಯ್', 'ಹೋಯ್ಕ್' ಎಂಬ ಕುಂದಾಪ್ರ ಕನ್ನಡವನ್ನು ಗೇಟಿನ ಹೊರಗೇ ಬಿಟ್ಟು ಒಳಗೆ ಹೋಗುತ್ತಾಳೆ. ಅವಳಿಗೆ ಜೀನ್‌ನ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದ ಮೇಲೂ ಅವಳು ಆ ಮಾತು ಆಡುವುದಿಲ್ಲವೆಂದರೆ, ಅದನ್ನು ತಾಯಿ ಗಮನಿಸುವುದು ಒಳ್ಳೆಯದು.

ಕಡೆಗೆ ಲಾಟರಿಯಲ್ಲಿ ಜೀನ್‌ನ ಸಂಖ್ಯೆಯೇ ಬಂದು, ಅವನು ಬೇಟೆಗಾರರ ಸಾಲಿಗೆ ಸೇರುತ್ತಾನೆ. ಗುಮ್ಮಟದೊಳಗೆ ಸಾಕಿಟ್ಟ ಮನುಷ್ಯರಿಗೆ ಮಾತು ಬರುತ್ತದೆ, ಓದಲು ಬರುತ್ತದೆ ಎಂದು ತಿಳಿದಾಗ ಅವನಿಗೇ ಬೆರಗು. ಅವರನ್ನು ಬರೀ ಮೃಗಗಳೆಂದು ಅವನೂ ನಂಬಿಬಿಟ್ಟಿದ್ದ.